ಕನ್ನಡಕ ತೆಗೆದರೆ ಕಿವಿ ಕೇಳಿಸದು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 63 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿ ದಾವಣಗೆರೆಯಲ್ಲಿದ್ದೇನೆ. ಎರಡು ವರ್ಷದಿಂದ ಒಂದು ವಿಚಿತ್ರ ತೊಂದರೆ. ಮನೆಯಲ್ಲಿ ಎದುರುಬದುರು ಕೂತು ಮಾತಾಡಿದರೆ ಎಲ್ಲ ಕೇಳಿಸುತ್ತದೆ. ಮದುವೆಮನೆ, ಹೋಟೆಲು, ನಾಲ್ಕು ಜನ ಸೇರಿದ ಕಡೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಕನ್ನಡಕ ತೆಗೆದಿಟ್ಟರಂತೂ ಇನ್ನೂ ಕಷ್ಟ. ‘ಕನ್ನಡಕ ಕೊಡೇ, ಕೇಳಿಸ್ತಿಲ್ಲ’ ಅಂದರೆ ಮನೆಯವರೆಲ್ಲ ನಗುತ್ತಾರೆ. ಟಿವಿಯಲ್ಲಿ ವಾರ್ತೆಗೆ ತೊಂದರೆಯಿಲ್ಲ, ಡಬ್ಬಿಂಗ್ ಧಾರಾವಾಹಿ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಮಗ ಬ್ಲೂಟೂತ್ ಸೌಂಡ್‌ಬಾರ್ ತಂದುಕೊಟ್ಟ ಮೇಲೆ ವಾರ್ತೆಯೂ ಕಷ್ಟವಾಗಿದೆ. ಪೇಪರ್ ಓದುವಾಗ ಹೆಂಡತಿ ಕೂಗಿದ್ದು ಕಿವಿಗೇ ಬೀಳುವುದಿಲ್ಲ, ಅವಳ ಪ್ರಕಾರ ಅದು ನಾಟಕ. ಕಾರಿನಲ್ಲಿ ಹೊಸ ವಿಳಾಸ ಹುಡುಕುವಾಗ ಹಾಡು ನಿಲ್ಲಿಸಬೇಕಾಗುತ್ತದೆ. ಯಾರೋ ಹೇಳಿದ್ದು ಹತ್ತು ನಿಮಿಷಕ್ಕೆ ಮರೆತುಹೋಗುವುದೂ ಇದೆ. ಕಿವಿ ಪರೀಕ್ಷೆ ಮಾಡಿಸಿದೆ, ‘ವಯಸ್ಸಿಗೆ ತಕ್ಕ ಹಾಗಿದೆ’ ಅಂದರು. ನನ್ನ ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಇದು ಅದರ ಶುರುವೇ? ಮಗ ಮಿದುಳಿನ ವ್ಯಾಯಾಮದ ಆ್ಯಪ್ ಒಂದಕ್ಕೆ ದುಡ್ಡು ಕಟ್ಟಿದ್ದಾನೆ. ಮುಂದಿನ ತಿಂಗಳು ತಂಗಿಯ ಮಗಳ ಮದುವೆ, ಹೋಗಲಿಕ್ಕೇ ಹಿಂಜರಿಕೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಎಳೆ ಸಿಕ್ಕುಹಾಕಿಕೊಂಡಿವೆ. ಕಿವಿಯದ್ದೊಂದು, ಗಮನದ್ದೊಂದು, ಮರೆವಿನದ್ದೊಂದು. ನಿದ್ದೆಗೆಡಿಸಿರುವುದು ಮೂರನೆಯದು ಅಂತ ಓದಿದ ಕೂಡಲೇ ಗೊತ್ತಾಯಿತು. ಹಾಗಾಗಿ ಅದರ ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ: ನೀವು ಬರೆದಿರುವ ಲಕ್ಷಣಗಳಿಗೆಲ್ಲ ಮರೆವಿನ ಕಾಯಿಲೆಗಿಂತ ತುಂಬ ಸರಳವಾದ, ಸಾಮಾನ್ಯವಾದ ಕಾರಣಗಳಿವೆ. ಉಳಿದದ್ದಕ್ಕೆ ಉದ್ದ ಉತ್ತರವೇ ಬೇಕು. ಒಂದು ಮಾತು ನೆನಪಿರಲಿ, ನಾನು ವೈದ್ಯನಲ್ಲ. ಕಣ್ಣು, ಕಿವಿ, ಗಮನ ಇವು ಮಿದುಳಿನಲ್ಲಿ ಹೇಗೆ ಕೂಡುತ್ತವೆ ಅಂತ ಪ್ರಯೋಗ ಮಾಡುವವನು. ಎಲ್ಲಿ ವೈದ್ಯರು ಬೇಕೋ ಅಲ್ಲಿ ಹಾಗಂತಲೇ ಹೇಳುತ್ತೇನೆ.

ಕನ್ನಡಕ ಹಾಕಿಕೊಂಡರೆ ಕೇಳಿಸುತ್ತದೆ ಎಂಬ ನಿಮ್ಮ ಮಾತು ತಮಾಷೆಯಲ್ಲ, ಅಕ್ಷರಶಃ ನಿಜ. ನಗುವವರನ್ನು ಸೇರಿಸಿಕೊಂಡು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ. ನಿಮ್ಮ ಶ್ರೀಮತಿಯವರು ನಾಲ್ಕು ಹೆಜ್ಜೆ ಆಚೆ ನಿಂತು ‘ಪಡಿ’, ‘ತಡಿ’, ‘ಕಡಿ’ ಈ ಮೂರರಲ್ಲಿ ಯಾವುದಾದರೂ ಒಂದನ್ನು ಹೇಳಲಿ. ನೀವು ಗೋಡೆಯ ಕಡೆ ಮುಖ ಮಾಡಿ. ಏನೋ ಒಂದು ‘ಅಡಿ’ ಬಂತು ಅನ್ನುವುದು ತಿಳಿಯುತ್ತದೆ, ಪದದ ಶುರುವಿನ ಅಕ್ಷರ ಮಿಕ್ಸಿಯೊಳಗೆ ಅರೆದುಹೋಗಿರುತ್ತದೆ. ಈಗ ತಿರುಗಿ ಮುಖ ನೋಡಿ. ‘ಪಡಿ’ಗೆ ತುಟಿ ಮುಚ್ಚಿ ತೆರೆಯುತ್ತದೆ. ‘ತಡಿ’ಗೆ ನಾಲಗೆಯ ತುದಿ ಹಲ್ಲಿನ ಸಂದಿಯಲ್ಲಿ ಇಣುಕುತ್ತದೆ. ‘ಕಡಿ’ಗೆ ಇವೆರಡೂ ಇಲ್ಲ. ಮಿಕ್ಸಿ ಅದೇ, ಕಿವಿಯೂ ಅದೇ, ಆದರೂ ಬಹಳಷ್ಟು ಸಲ ಸರಿಯಾಗಿ ಹೇಳುತ್ತೀರಿ.

ಇನ್ನೊಂದು ಸುತ್ತು ಬಾಕಿ ಇದೆ. ಮಿಕ್ಸಿ ನಿಲ್ಲಿಸಿ. ಈ ಸಲ ಅವರು ದನಿಯೇ ಇಲ್ಲದೆ, ಬರೀ ಬಾಯಿ ಆಡಿಸಿ ‘ಪಡಿ’, ‘ಬಡಿ’, ‘ಮಡಿ’ ಹೇಳಲಿ. ಮೂರೂ ಒಂದೇ ಥರ ಕಾಣುತ್ತವೆ! ಮಡಿಯಲ್ಲಿದ್ದೇನೆ ಅಂದರೋ, ಬಡಿಯುತ್ತೇನೆ ಅಂದರೋ ತುಟಿ ನೋಡಿ ಹೇಳುವುದಕ್ಕಾಗದು. ದನಿಯೆತ್ತಿ ಹೇಳಿದರೆ ಮಾತ್ರ, ಮಿಕ್ಸಿ ಓಡುತ್ತಿದ್ದರೂ, ಮೂರನ್ನು ಬೇರೆಬೇರೆಯಾಗಿ ಗುರುತಿಸುವುದು ಅಷ್ಟು ಕಷ್ಟವಲ್ಲ.

ನಮ್ಮ ವರ್ಣಮಾಲೆ ಗೊತ್ತಿರುವವರಿಗೆ ಇದರ ಗುಟ್ಟು ಹೇಳುವುದು ಸುಲಭ. ಕ-ವರ್ಗ, ತ-ವರ್ಗ, ಪ-ವರ್ಗ ಎಂಬ ಸಾಲುಗಳನ್ನು ಹಳೆಯ ವೈಯಾಕರಣರು ಜೋಡಿಸಿದ್ದು ಉಸಿರು ಬಾಯಲ್ಲಿ ಎಲ್ಲಿ ತಡೆಯುತ್ತದೆ ಎಂಬುದರ ಮೇಲೆ: ಗಂಟಲ ಹತ್ತಿರವೋ, ಹಲ್ಲಿನ ಹತ್ತಿರವೋ, ತುಟಿಯಲ್ಲೋ. ಒಂದೊಂದು ಸಾಲಿನೊಳಗಿನ ಕ್ರಮ ಬೇರೆ: ಪ, ಬ, ಮ. ಇಲ್ಲಿ ಲೆಕ್ಕಕ್ಕೆ ಬರುವುದು ದನಿಯ ನಾದ, ಮೂಗಿನಿಂದ ಬರುವ ಗಾಳಿ. 1955ರಲ್ಲಿ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ನೈಸ್ಲಿ ಇಂಗ್ಲಿಷ್ ವ್ಯಂಜನಗಳನ್ನು ಗದ್ದಲದಲ್ಲಿ ಕೇಳಿಸಿ ಜನ ಏನನ್ನು ಏನೆಂದು ತಪ್ಪುತ್ತಾರೆ ಅಂತ ಲೆಕ್ಕ ಇಟ್ಟರು. ಗದ್ದಲ ಮೊದಲು ನುಂಗುವುದು ‘ಯಾವ ಸಾಲು’ ಎಂಬ ಸುಳಿವನ್ನು. ‘ಸಾಲಿನಲ್ಲಿ ಎಷ್ಟನೆಯದು’ ಎಂಬುದು ಅದಕ್ಕಿಂತ ಸುಮಾರು 18 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಹೆಚ್ಚಿನ ಗದ್ದಲವನ್ನೂ ತಡೆದುಕೊಂಡು ಉಳಿಯುತ್ತದೆ. ಕಣ್ಣಿಗೆ ಕಾಣುವುದು ಯಾವುದು? ‘ಯಾವ ಸಾಲು’ ಎಂಬುದೇ. ಕಿವಿ ಕಳಕೊಂಡದ್ದನ್ನು ಕಣ್ಣು ತಂದುಕೊಡುತ್ತದೆ, ಕಣ್ಣಿಗೆ ಕಾಣದ್ದನ್ನು ಕಿವಿ ಹಿಡಿದಿಟ್ಟುಕೊಂಡಿರುತ್ತದೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿ ನನ್ನ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

1954ರಲ್ಲೇ ಸಂಬಿ ಮತ್ತು ಪೊಲಾಕ್ ಎಂಬಿಬ್ಬರು ಇದನ್ನು ಅಳೆದಿದ್ದರು. ಗದ್ದಲದಲ್ಲಿ ಮಾತಾಡುವವರ ಮುಖ ಕಾಣುವುದರ ಲಾಭವನ್ನು, ಗದ್ದಲವನ್ನೇ 15 ಡೆಸಿಬೆಲ್‌ವರೆಗೆ ತಗ್ಗಿಸಿದಷ್ಟು ಅಂತ ಇವತ್ತಿಗೂ ಅವರ ಹೆಸರಿನಲ್ಲಿ ಹೇಳುತ್ತಾರೆ. ನಿಮ್ಮ ಕನ್ನಡಕ ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಅದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪಂಚೇಂದ್ರಿಯಗಳು ಐದು ಬೇರೆ ಬೇರೆ ಕೌಂಟರುಗಳು, ಒಂದರ ಫೈಲು ಇನ್ನೊಂದಕ್ಕೆ ಹೋಗುವುದಿಲ್ಲ ಅಂತ ಶಾಲೆಯಲ್ಲಿ ಕಲಿತ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಮಿದುಳಿನಲ್ಲಿ ಹಾಗಿಲ್ಲ. ನಡುಮಿದುಳಿನಲ್ಲಿ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಜೋಡಿ ಉಬ್ಬುಗಳಿವೆ. 1980ರ ದಶಕದಲ್ಲಿ ಬ್ಯಾರಿ ಸ್ಟೈನ್ ಮತ್ತು ಅಲೆಕ್ಸ್ ಮೆರೆಡಿತ್ ಬೆಕ್ಕುಗಳಲ್ಲಿ ಆ ಜಾಗದ ಒಂದೊಂದು ನರಕೋಶವನ್ನು ಆಲಿಸಿದರು. ಮಂದ ಬೆಳಕೊಂದಕ್ಕೆ ಅಥವಾ ಸಣ್ಣ ಸದ್ದೊಂದಕ್ಕೆ ಅಷ್ಟಕ್ಕಷ್ಟೇ ಮಿಡಿಯುತ್ತಿದ್ದ ಕೋಶ, ಎರಡೂ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಬಂದರೆ ಎರಡರ ಮೊತ್ತಕ್ಕಿಂತಲೂ ಜೋರಾಗಿ ಮಿಡಿಯುತ್ತಿತ್ತು. ಬಿಡಿ ಸುಳಿವುಗಳು ದುರ್ಬಲವಾಗಿದ್ದಷ್ಟೂ ಕೂಡಿಕೆಯ ಲಾಭ ಹೆಚ್ಚು. ಮನುಷ್ಯರಲ್ಲಿಯೂ 1997ರಲ್ಲಿ ಜೆಮ್ಮಾ ಕ್ಯಾಲ್ವರ್ಟ್ ಮತ್ತು ಜೊತೆಗಾರರು ತೋರಿಸಿದ್ದು ಇದು: ದನಿಯೇ ಇಲ್ಲದೆ ತುಟಿ ಆಡುವುದನ್ನು ಬರೀ ನೋಡಿದರೂ ಮಿದುಳಿನ ಶ್ರವಣ ಭಾಗ ಚುರುಕಾಗುತ್ತದೆ.

ಕಣ್ಣಿನ ಈ ದಬ್ಬಾಳಿಕೆಗೆ ಹೆಸರಾದ ಉದಾಹರಣೆ ಮೆಕ್‌ಗರ್ಕ್ ಪರಿಣಾಮ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ್ದು. ದನಿ ‘ಬ’ ಅನ್ನುತ್ತದೆ, ತೆರೆಯ ಮೇಲಿನ ಬಾಯಿ ‘ಗ’ ಅನ್ನುತ್ತದೆ, ನೋಡುವವರಿಗೆ ‘ದ’ ಕೇಳಿಸುತ್ತದೆ! ತುಟಿ ಮುಚ್ಚಲಿಲ್ಲವಾದ್ದರಿಂದ ‘ಬ’ ಇರಲಾರದು, ದನಿ ‘ಗ’ಕ್ಕೆ ಒಪ್ಪುವುದಿಲ್ಲ, ಹಾಗಾಗಿ ಮಿದುಳು ನಡುವೆ ಒಂದು ರಾಜಿ ಮಾಡಿಕೊಳ್ಳುತ್ತದೆ. ಎಲ್ಲರಿಗೂ ಇದು ಆಗುವುದಿಲ್ಲ, ಆಗುವವರಲ್ಲೂ ಹೆಚ್ಚು ಕಡಿಮೆ ಉಂಟು. ವರ್ಷಾನುಗಟ್ಟಲೆ ತರಗತಿಯಲ್ಲಿ ಆ ವಿಡಿಯೋ ತೋರಿಸಿದ್ದೇನೆ, ಒಳಗಿನ ಹೂರಣವೆಲ್ಲ ಗೊತ್ತಿದೆ, ಆದರೂ ನನಗೆ ಇವತ್ತಿಗೂ ‘ದ’ ಅಂತಲೇ ಕೇಳಿಸುತ್ತದೆ. ಕಣ್ಣು ಮುಚ್ಚಿದರೆ ‘ಬ’. ತೆರೆದರೆ ಮತ್ತೆ ‘ದ’.

ನಿಮ್ಮ ಡಬ್ಬಿಂಗ್ ಧಾರಾವಾಹಿಯ ಕಥೆ ಈಗ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನಟನ ಬಾಯಿ ಆಡುವುದು ಹಿಂದಿಯಲ್ಲೋ ತೆಲುಗಿನಲ್ಲೋ, ಕಿವಿಗೆ ಬೀಳುವುದು ಕನ್ನಡ. ನಿಮ್ಮ ಮಿದುಳು ತುಟಿಯನ್ನು ನಂಬಿ ಕೇಳುವುದನ್ನು ರೂಢಿಸಿಕೊಂಡಿದೆ, ಇಲ್ಲಿ ತುಟಿ ಸುಳ್ಳು ಸಾಕ್ಷಿ ಹೇಳುತ್ತಿದೆ. ವಾರ್ತೆ ಓದುವವರು ನೇರ ಕ್ಯಾಮೆರಾಕ್ಕೆ, ಮುಖದ ಮೇಲೆ ಪೂರಾ ಬೆಳಕು ಬಿದ್ದಿರುವಾಗ, ಕನ್ನಡವನ್ನೇ ಓದುತ್ತಾರೆ. ಅದಕ್ಕಿಂತ ಒಳ್ಳೆಯ ಪಾಠ ನಿಮಗೆ ಸಿಗದು. ಡಬ್ಬಿಂಗ್ ನೋಡಲೇಬೇಕಾದರೆ ಕಷ್ಟದ ಮಾತು ಬಂದಾಗ ತೆರೆಯಿಂದ ಕಣ್ಣು ತೆಗೆದು ಬರೀ ಕೇಳಿ ನೋಡಿ. ರೇಡಿಯೋ ನಾಟಕ ಕೇಳಿ ಬೆಳೆದ ಪೀಳಿಗೆಗೆ ಇದು ಹೊಸದಲ್ಲ.

ಸೌಂಡ್‌ಬಾರಿನದ್ದು ಬೇರೆ ಕಥೆ. ಅಲ್ಲಿ ತುಟಿ ಸುಳ್ಳು ಹೇಳುವುದಿಲ್ಲ, ಹೊತ್ತು ತಪ್ಪುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಲ್ಲ? ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೆದ್ದ ಮೇಲೆ ‘ಥಪ್’ ಅನ್ನುವ ಸದ್ದು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ನೂರು ಮೀಟರ್ ದಾಟಲು ಅದಕ್ಕೆ ಹತ್ತಿರ ಹತ್ತಿರ 300 ಮಿಲಿಸೆಕೆಂಡ್ ಬೇಕು. ಅಷ್ಟು ಅಂತರವಾದರೆ ಮಿದುಳು ಎರಡನ್ನೂ ಒಂದೇ ಘಟನೆಗೆ ಕಟ್ಟುವುದಿಲ್ಲ. ಹತ್ತು ಮೀಟರಿಗಾದರೆ 30 ಮಿಲಿಸೆಕೆಂಡ್, ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಸದ್ದು ಸ್ವಲ್ಪ ತಡವಾಗುವುದು ಪ್ರಕೃತಿಯಲ್ಲಿ ಸಹಜ, ಬೆಳಕಿಗಿಂತ ಮೊದಲು ಬರುವುದು ಎಂದೂ ಇಲ್ಲ. ಮಿದುಳಿನ ಸಹನೆಯೂ ಹಾಗೇ ಓರೆಯಾಗಿದೆ. ಟಿವಿ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಲೆಕ್ಕದ ಪ್ರಕಾರ, ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೇ ಜನ ಗುರುತಿಸುತ್ತಾರೆ, ಹಿಂದೆ ಬೀಳುವುದಾದರೆ 125ರವರೆಗೆ ಗುರುತಿಸುವುದಿಲ್ಲ. ಬ್ಲೂಟೂತ್ ದನಿ ಹಲವು ಸಾಧನಗಳಲ್ಲಿ 200 ಮಿಲಿಸೆಕೆಂಡಿಗೂ ಮೇಲೆ ತಡವಾಗುತ್ತದೆ. ಸರಿಕಿವಿಯ ಮಗನಿಗೆ ಅದು ‘ಸ್ವಲ್ಪ ಲೇಟು’ ಅಷ್ಟೇ. ನಿಮಗೆ ಕೈಗೋಲನ್ನೇ ಕಿತ್ತುಕೊಂಡ ಹಾಗೆ. ಸೌಂಡ್‌ಬಾರನ್ನು ಎಚ್‌ಡಿಎಂಐ ಅಥವಾ ಆಪ್ಟಿಕಲ್ ವಯರಿನಿಂದ ಟಿವಿಗೆ ಜೋಡಿಸಿ, ಟಿವಿಯ ಸೆಟ್ಟಿಂಗಿನಲ್ಲಿ ‘ಆಡಿಯೋ ಡಿಲೇ’ ಅಥವಾ ‘ಲಿಪ್ ಸಿಂಕ್’ ಇದ್ದರೆ ಮಗ ಸರಿಮಾಡಿಕೊಡಲಿ. ಇಷ್ಟರಲ್ಲೇ ನಿಮ್ಮ ಅರ್ಧ ದೂರು ಮುಗಿದರೆ ನನಗೆ ಆಶ್ಚರ್ಯವಾಗದು.

ಇನ್ನು ಪೇಪರ್ ಓದುವಾಗಿನ ನಾಟಕ. ಇಲ್ಲಿ ನಾನು ಸ್ವಲ್ಪ ಎಚ್ಚರಿಕೆಯಿಂದ ಮಾತಾಡಬೇಕು, ಏಕೆಂದರೆ ಇದನ್ನು ಹಿಡಿದುಕೊಂಡು ರಾಜ್ಯದ ಗಂಡಸರೆಲ್ಲ ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಬಾರದು. ಗಮನ ಎನ್ನುವುದು ಕಣ್ಣಿಗೊಂದು ಕಿವಿಗೊಂದು ಅಂತ ಬೇರೆ ಬೇರೆ ಖಾತೆಯಲ್ಲಿ ಇಲ್ಲ, ಬಹುಪಾಲು ಜಂಟಿ ಖಾತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನೀಲಿ ಲವೀ ಅವರ ತಂಡ 2011ರಲ್ಲಿ ತೋರಿಸಿದ್ದು ಇದು: ಕಣ್ಣಿಗೆ ಕಷ್ಟದ ಕೆಲಸ ಕೊಟ್ಟರೆ, ಸುಲಭದ ಕೆಲಸದಲ್ಲಿದ್ದಾಗ ಕೇಳುತ್ತಿದ್ದ ಸದ್ದನ್ನೇ ಜನ ಗಮನಿಸುವುದಿಲ್ಲ. 2015ರಲ್ಲಿ ಅದೇ ಕಾಲೇಜಿನಲ್ಲಿ ಮಿದುಳಿನ ಕಾಂತೀಯ ಅಲೆಗಳನ್ನು ಅಳೆದಾಗ, ಕಣ್ಣು ಕೆಲಸದಲ್ಲಿ ಮುಳುಗಿದ್ದ ಆ ಹೊತ್ತಿನಲ್ಲಿ ಸದ್ದಿಗೆ ಶ್ರವಣ ಭಾಗದ ಪ್ರತಿಕ್ರಿಯೆಯೇ ತಗ್ಗಿತ್ತು. ಕೇಳಿಸಿಕೊಂಡು ಸುಮ್ಮನಿರುವುದಲ್ಲ ಇದು, ಕೇಳಿಸದೇ ಇರುವುದು. ಸಂಪಾದಕೀಯ ಓದುವಾಗ ನೀವು ನಿಜಕ್ಕೂ ಅರೆಕಿವುಡರು. ಜಾಹೀರಾತು ನೋಡುತ್ತಿದ್ದಾಗಲೂ ಕೇಳಿಸಲಿಲ್ಲ ಅಂದರೆ ನಿಮ್ಮ ಶ್ರೀಮತಿಯವರ ಅನುಮಾನಕ್ಕೆ ಆಧಾರವಿದೆ.

ಇದರಿಂದ ಪಾರಾಗುವ ದಾರಿ ಇದೆ. 1959ರಲ್ಲಿ ನೆವಿಲ್ ಮೊರೆ ಎರಡು ಕಿವಿಗೆ ಬೇರೆ ಬೇರೆ ಮಾತು ಕೇಳಿಸಿ ಕಂಡಂತೆ, ಗಮನ ಕೊಡದ ಕಿವಿಗೆ ಬಂದ ಮಾತೆಲ್ಲ ಸೋರಿಹೋದರೂ ತನ್ನ ಹೆಸರು ಬಂದರೆ ಸುಮಾರು ಮೂರರಲ್ಲಿ ಒಬ್ಬರು ಗಮನಿಸಿದರು. ಮೂವರಲ್ಲಿ ಇಬ್ಬರು ಗಮನಿಸಲಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ಅದಕ್ಕೆ ಕೂಗುವುದಕ್ಕಿಂತ ಭುಜ ಮುಟ್ಟುವುದು, ಇಲ್ಲವೇ ಪೇಪರಿನ ಮೇಲೆ ಕೈ ಆಡಿಸಿ ಆಮೇಲೆ ಮಾತು ಶುರುಮಾಡುವುದು ಒಳ್ಳೆಯದು. ಅಡುಗೆಮನೆಯಿಂದ ಹಾಲ್‌ಗೆ ಕೂಗಿ ಹೇಳುವ ಪದ್ಧತಿಯನ್ನು ಇಬ್ಬರೂ ಕೂಡಿ ಕೈಬಿಡಿ. ಮುಖ ಕಾಣದ, ಗೋಡೆಗೆ ಬಡಿದು ಬಂದ ದನಿ ನಿಮಗೆ ಅತಿ ಕೆಟ್ಟ ಜೋಡಿ.

ಕಾರಿನಲ್ಲಿ ಹಾಡು ನಿಲ್ಲಿಸುತ್ತೀರಿ ಎಂದಿರಿ. ನಿಲ್ಲಿಸಿ, ನಾಚಿಕೆ ಬೇಡ. ಅದು ಮಿದುಳು ಸೋತ ಗುರುತಲ್ಲ, ಜಂಟಿ ಖಾತೆಯನ್ನು ಸರಿಯಾಗಿ ನಡೆಸುತ್ತಿರುವ ಗುರುತು. ಇದರ ಜೊತೆಗೆ ಒಂದು ಅಪಾಯದ ಮಾತು ಹೇಳಲೇಬೇಕು. ಫೋನನ್ನು ಕೈಯಲ್ಲಿ ಹಿಡಿಯದೆ ಬ್ಲೂಟೂತಿನಲ್ಲಿ ಮಾತಾಡಿದರೆ ಅಪಾಯವಿಲ್ಲ ಎಂಬ ನಂಬಿಕೆ ಸುಳ್ಳು. 1997ರಲ್ಲಿ ಕೆನಡಾದ ರೆಡೆಲ್‌ಮಯರ್ ಮತ್ತು ಟಿಬ್‌ಶಿರಾನಿ ಅಪಘಾತಗಳನ್ನು ಫೋನ್ ದಾಖಲೆಗಳ ಜೊತೆ ತಾಳೆ ನೋಡಿದಾಗ, ಫೋನಿನಲ್ಲಿದ್ದ ಹೊತ್ತಿನಲ್ಲಿ ಡಿಕ್ಕಿಯ ಸಾಧ್ಯತೆ ಸುಮಾರು ನಾಲ್ಕು ಪಟ್ಟಿತ್ತು. ಕೈ ಬಿಡುವಾಗಿರುವ ಫೋನು ಅದಕ್ಕಿಂತ ಸುರಕ್ಷಿತ ಅಂತ ಕಂಡುಬರಲಿಲ್ಲ. ಕೈಯಷ್ಟೇ ಅಲ್ಲ, ಗಮನವೂ ಸ್ಟಿಯರಿಂಗಿನ ಮೇಲಿರಬೇಕು. ಪಕ್ಕದಲ್ಲಿ ಕೂತವರು ಲಾರಿ ಕಂಡರೆ ಮಾತು ನಿಲ್ಲಿಸುತ್ತಾರೆ, ಫೋನಿನ ಆಚೆ ಇರುವವರಿಗೆ ಲಾರಿ ಕಾಣುವುದಿಲ್ಲ.

ಈಗ ಕಿವಿಗೆ ಬರೋಣ. ‘ವಯಸ್ಸಿಗೆ ತಕ್ಕ ಹಾಗಿದೆ’ ಎಂಬ ಮಾತು ನನಗೆ ಹಿಡಿಸದು. 63ರ ಮೊಣಕಾಲು ವಯಸ್ಸಿಗೆ ತಕ್ಕ ಹಾಗೇ ನೋಯುತ್ತದೆ, ಹಾಗಂತ ನೋವಿಲ್ಲ ಎಂದಾಗುವುದಿಲ್ಲ. ಆ ಪರೀಕ್ಷೆಯ ಗ್ರಾಫು ಕೇಳಿ ಪಡೆದುಕೊಳ್ಳಿ. ವಯಸ್ಸಾದಂತೆ ಮೊದಲು ಮಸುಕಾಗುವುದು ಮೇಲಿನ ಸ್ಥಾಯಿ, ಅಂದರೆ 3000, 4000 ಹರ್ಟ್ಸ್ ಮತ್ತು ಅದರ ಮೇಲೆ. ‘ಸ’, ‘ಶ’ ಇಂಥ ಉಸಿರಿನ ಅಕ್ಷರಗಳು ವಾಸಿಸುವುದು ಅಲ್ಲಿ. ಸ್ವರಗಳು ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾಗಿರುತ್ತವೆ, ಅದಕ್ಕೇ ‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’. ಕಿವಿಯ ಚಿಕಿತ್ಸೆಯವರು ದಿನಕ್ಕೆ ಹತ್ತು ಸಲ ಕೇಳುವ ವಾಕ್ಯ ಅದು.

ಇನ್ನೂ ಒಂದು ಸಂಗತಿ. ಮಾಮೂಲಿ ಪರೀಕ್ಷೆ ನಡೆಯುವುದು ನಿಶ್ಶಬ್ದ ಕೋಣೆಯಲ್ಲಿ, ಒಂದೊಂದೇ ‘ಪೀ’ ಸದ್ದಿನಿಂದ. ನಿಮ್ಮ ದೂರು ಮದುವೆಮನೆಯದ್ದು. ಒಣ ರಸ್ತೆಯಲ್ಲಿ ಓಡಿಸಿ ನೋಡಿ ಗಾಡಿ ಮಳೆಗೂ ಸರಿಯಿದೆ ಅಂದ ಹಾಗಾಯಿತು. 2009ರಲ್ಲಿ ಬಾಸ್ಟನ್ನಿನಲ್ಲಿ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಜೋರು ಸದ್ದು ಕೇಳಿಸಿದಾಗ, ಕೆಲವೇ ದಿನದಲ್ಲಿ ಕೇಳುವ ಮಟ್ಟ ಮೊದಲಿನಂತೆ ಆಯಿತು, ಆದರೆ ಒಳಗಿವಿಯ ಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು ಶಾಶ್ವತವಾಗಿ ಹೋಗಿದ್ದವು. ಗ್ರಾಫ್ ಚೆನ್ನಾಗಿದ್ದೂ ಗದ್ದಲದಲ್ಲಿ ಸೋಲುವ ಕಿವಿಗಳಿಗೆ ಇದೊಂದು ಕಾರಣವಿರಬಹುದು. ಜೀವಂತ ಮನುಷ್ಯರ ಕಿವಿಯಲ್ಲಿ ಇದನ್ನು ನೇರವಾಗಿ ಅಳೆಯುವ ಪಕ್ಕಾ ವಿಧಾನ ಮಾತ್ರ ಇನ್ನೂ ಬಂದಿಲ್ಲ.

ಮರೆವಿನ ಹೆದರಿಕೆಗೆ ಈಗ ಮರಳುತ್ತೇನೆ. ಯಾರೋ ಹೇಳಿದ್ದು ಹತ್ತು ನಿಮಿಷಕ್ಕೆ ಮರೆಯುತ್ತದೆ ಎಂದಿರಿ. ಎಲ್ಲಿ ಹೇಳಿದ್ದು? ಗದ್ದಲದಲ್ಲೋ, ಮನೆಯಲ್ಲೋ? 1968ರಲ್ಲಿ ಪ್ಯಾಟ್ರಿಕ್ ರ‍್ಯಾಬಿಟ್ ಎಂಬವರು ಜನರಿಗೆ ಅಂಕಿಗಳ ಪಟ್ಟಿ ಕೇಳಿಸಿದರು. ಪಟ್ಟಿಯ ಮೊದಲರ್ಧ ಸ್ಪಷ್ಟ, ಎರಡನೆಯದಕ್ಕೆ ಗದ್ದಲ ಬೆರೆಸಿದ್ದರು. ಸ್ಪಷ್ಟವಾಗಿ ಕೇಳಿದ ಮೊದಲರ್ಧವೂ ಜನರಿಗೆ ಸರಿಯಾಗಿ ನೆನಪುಳಿಯಲಿಲ್ಲ! ಗದ್ದಲದಿಂದ ಮಾತನ್ನು ಹೆಕ್ಕುವುದಕ್ಕೇ ಮಿದುಳು ದುಡಿದರೆ, ಹೆಕ್ಕಿದ್ದನ್ನು ಜೋಪಾನವಾಗಿಡಲು ಕೈ ಬಿಡುವಿರುವುದಿಲ್ಲ. ಪ್ರಯೋಗದಲ್ಲಿ ಕೂತವರಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದು: ಕೇಳಲು ತ್ರಾಸಪಡುವವರು ಸಂಜೆಗೆ ಸುಸ್ತಾಗುತ್ತಾರೆ, ಸುಸ್ತಾದಾಗ ಮರೆಯುತ್ತಾರೆ, ಮರೆತಾಗ ಹೆದರುತ್ತಾರೆ.

ಮನೆಯಲ್ಲಿ ಶಾಂತವಾಗಿ ಹೇಳಿದ್ದನ್ನೂ ಮರೆತು ಅದನ್ನೇ ಮತ್ತೆ ಮತ್ತೆ ಕೇಳುವುದು, ಓಡಾಡಿದ ರಸ್ತೆಯಲ್ಲೇ ದಾರಿ ತಪ್ಪುವುದು, ಬ್ಯಾಂಕಿನವರಾಗಿದ್ದ ನಿಮಗೆ ಲೆಕ್ಕಪತ್ರದಲ್ಲಿ ಎಡವಟ್ಟಾಗತೊಡಗುವುದು, ನಿಮಗಿಂತ ಮೊದಲು ಮನೆಯವರೇ ಬದಲಾವಣೆ ಗುರುತಿಸುವುದು: ಇಂಥದ್ದು ಇದ್ದರೆ ನರರೋಗ ತಜ್ಞರನ್ನು ಕಾಣಲೇಬೇಕು. ಹೀಗೆ ಒಂದು ಪುಟ ಅಚ್ಚುಕಟ್ಟಾಗಿ, ತನ್ನದೇ ತೊಂದರೆಯನ್ನು ಬಿಡಿಸಿ ಬಿಡಿಸಿ ಬರೆದವರ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ತಾಯಿಯವರ ಕಾಯಿಲೆಯ ವಿಷಯ ವೈದ್ಯರಿಗೆ ತಿಳಿಸಿ, ಬಚ್ಚಿಡಬೇಡಿ.

ಆದರೆ ಕಿವಿಗೂ ಮರೆವಿಗೂ ನಂಟೇ ಇಲ್ಲವೆಂದೂ ನಾನು ಹೇಳಲಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಯ ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ, ಕಿವುಡುತನ ಅದರಲ್ಲಿ ಒಂದು. ಅಪಾಯ ಅಂದರೆ ಹಣೆಬರಹವಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ರವಣ ಯಂತ್ರ ಕೊಟ್ಟು ಮೂರು ವರ್ಷ ನೋಡಿದಾಗ ಒಟ್ಟು ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಮಾತ್ರ ಇಳಿತ 48 ಪ್ರತಿಶತ ನಿಧಾನವಾಯಿತು. ಯಂತ್ರ ಮಾರುವವರು ಎರಡನೆಯ ವಾಕ್ಯವನ್ನಷ್ಟೇ ಹೇಳುತ್ತಾರೆ, ನೀವು ಎರಡನ್ನೂ ನೆನಪಿಡಿ.

ಏನು ಮಾಡುವುದು? ನಾನಾದರೆ ಕಣ್ಣಿನಿಂದ ಶುರುಮಾಡುತ್ತಿದ್ದೆ. ಪೊರೆ ಬಂದಿದೆಯೇ, ಕನ್ನಡಕದ ನಂಬರು ಹಳೆಯದಾಗಿದೆಯೇ ನೋಡಿಸಿ. ಎರಡು ಮೀಟರ್ ದೂರದ ಮುಖ ಸ್ಪಷ್ಟವಾಗಿ ಕಾಣಬೇಕು ಅಂತ ಅವರಿಗೆ ಬಾಯಿಬಿಟ್ಟು ಹೇಳಿ, ಓದುವ ಅಕ್ಷರದ ಮಟ್ಟಿಗೆ ನೋಡಿ ಕಳಿಸದಿರಲಿ. ಆಮೇಲೆ ಕಿವಿಯ ಗುಗ್ಗೆ. ಅದನ್ನು ವೈದ್ಯರೇ ತೆಗೆಯಲಿ, ಹೇರ್‌ಪಿನ್ನು, ಕಾದ ಎಣ್ಣೆ ಯಾವುದೂ ಬೇಡ. ಮೂರನೆಯದು ಗದ್ದಲದಲ್ಲಿ ಮಾತಿನ ಪರೀಕ್ಷೆ. ಕನ್ನಡದ ವಾಕ್ಯಗಳನ್ನೇ ಗದ್ದಲದೊಂದಿಗೆ ಬೆರೆಸಿ ಮಾಡುವ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ರೂಪಿಸಿದ್ದಾರೆ. ದಾವಣಗೆರೆಯಿಂದ ಪ್ರಯಾಣ ದೂರವೇ, ಮೊದಲು ನಿಮ್ಮೂರಿನ ಆಡಿಯಾಲಜಿಸ್ಟರನ್ನು (ಕಿವಿ ಪರೀಕ್ಷೆಯ ತಜ್ಞರನ್ನು) ‘ಗದ್ದಲದಲ್ಲಿ ಮಾತು ಎಷ್ಟು ತಿಳಿಯುತ್ತೆ ಅಂತ ನೋಡ್ತೀರಾ?’ ಎಂದೇ ಕೇಳಿ.

ಶ್ರವಣ ಯಂತ್ರ ಬೇಕೆಂದರೆ ಹೆದರಬೇಡಿ, ಪವಾಡವನ್ನೂ ಕಾಯಬೇಡಿ. ಕನ್ನಡಕ ಹಾಕಿದ ದಿನವೇ ಸರಿಯಾಗುತ್ತದೆ, ಯಂತ್ರಕ್ಕೆ ಮಿದುಳು ಒಗ್ಗಲು ವಾರಗಳು ಬೇಕು. ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಪೇಪರ್ ಮಡಿಸುವ ಸದ್ದು ತಲೆಗೆ ಬಡಿಯುತ್ತದೆ. ಅಲ್ಲೇ ಬಹಳ ಜನ ತೆಗೆದು ಬೀರುವಿನಲ್ಲಿಟ್ಟುಬಿಡುತ್ತಾರೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕ್ ಇರುವಂಥದ್ದು ಗದ್ದಲಕ್ಕೆ ಉತ್ತಮ, ಬೆಲೆ ಜಾಸ್ತಿ. ಕೊಳ್ಳುವ ಮೊದಲು ಕೆಲವು ದಿನ ಬಳಸಿ ನೋಡಲು ಕೊಡುತ್ತಾರೆಯೇ ವಿಚಾರಿಸಿ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಬರುವ, ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುವ ಡಬ್ಬಿ ಬೇಡವೇ ಬೇಡ. ಅದು ಗದ್ದಲವನ್ನೂ ಹೆಚ್ಚಿಸುತ್ತದೆ, ಉಳಿದ ಕಿವಿಗೂ ಪೆಟ್ಟು ಕೊಡಬಹುದು.

ಆ್ಯಪಿನ ಬಗ್ಗೆ: ಅದರೊಳಗಿನ ಆಟವನ್ನು ಆಡಿದರೆ ಆ ಆಟದಲ್ಲಿ ಚುರುಕಾಗುತ್ತೀರಿ. ಅದು ಮದುವೆಮನೆಯ ಮಾತಿಗೆ ವರ್ಗವಾಗುತ್ತದೆ ಎಂಬುದಕ್ಕೆ ಪುರಾವೆ ತೆಳು. ದುಡ್ಡು ಕಟ್ಟಾಗಿದೆ, ಖುಷಿಯಾದರೆ ಆಡಿ. ಮುಂದಿನ ವರ್ಷ ನವೀಕರಿಸುವ ದುಡ್ಡನ್ನು ಕಣ್ಣಿನ ಡಾಕ್ಟರಿಗೆ ಕೊಡಿ.

ಇನ್ನು ಮದುವೆ. ಖಂಡಿತ ಹೋಗಿ, ಸ್ವಲ್ಪ ಬೇಗ ಹೋಗಿ ಜಾಗ ಹಿಡಿಯಿರಿ. ಓಲಗದವರಿಂದಲೂ ಸ್ಪೀಕರ್ ಪೆಟ್ಟಿಗೆಯಿಂದಲೂ ದೂರ, ಬೆನ್ನಿಗೆ ಗೋಡೆ ಇರುವ ಹಾಗೆ ಕೂರಿ, ಹಿಂದಿನಿಂದ ಬರುವ ಗದ್ದಲ ಅಷ್ಟು ಕಡಿಮೆಯಾಗುತ್ತದೆ. ಕಿಟಕಿ ನಿಮ್ಮ ಬೆನ್ನ ಹಿಂದಿರಲಿ. ಮಾತಾಡಲು ಬಂದವರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಅವರ ಮುಖ ಬರೀ ಕಪ್ಪು ನೆರಳು, ತುಟಿ ಕಾಣುವುದಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರ ಜೊತೆ ಮಾತು ಕಷ್ಟ, ಬಾಯಲ್ಲಿ ಹೋಳಿಗೆ ಇರುವವರ ತುಟಿ ಯಾವ ವರ್ಗಕ್ಕೂ ಸೇರುವುದಿಲ್ಲ, ಅಲ್ಲಿ ಸುಮ್ಮನೆ ಊಟ ಮಾಡಿ. ತಿಳಿಯದಿದ್ದಾಗ ‘ಆಂ?’ ಅನ್ನುವುದಕ್ಕಿಂತ ‘ಯಾವಾಗ ಬಂದ್ರಿ ಅಂದ್ರಾ, ಯಾರು ಬಂದ್ರು ಅಂದ್ರಾ?’ ಅಂತ ತಿಳಿದಷ್ಟನ್ನು ತಿರುಗಿ ಹೇಳಿ ಕೇಳಿ. ಆಗ ಅವರು ಇಡೀ ವಾಕ್ಯ ಕಿರುಚುವುದಿಲ್ಲ, ಬಿಟ್ಟುಹೋದ ಒಂದು ಪದವನ್ನಷ್ಟೇ ಹೇಳುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಬಾರಿಸಿದಾಗ ಛತ್ರದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ, ಆ ಹತ್ತು ನಿಮಿಷ ನೀವೂ ಎಲ್ಲರ ಸಮ.

ಹೊರಡುವ ಮುಂಚೆ ಕನ್ನಡಕ ಒರೆಸಿಕೊಳ್ಳಿ.